‘ನಾರ್ಮಲ್’ ಎಂದ ಸ್ಕ್ಯಾನ್, ಹುಟ್ಟಿದ ಮೇಲೆ ಸಿಕ್ಕ ಹೃದಯ ದೋಷ: ನಡುವೆ ಏನಾಗುತ್ತದೆ?

ಐದನೇ ತಿಂಗಳ ಸ್ಕ್ಯಾನ್ ವರದಿಯಲ್ಲಿ ಮಗುವಿನ ಹೃದಯಕ್ಕೆ ಸಿಗುವುದು ಹೆಚ್ಚೆಂದರೆ ಒಂದೆರಡು ಸಾಲು. ನಾಲ್ಕು ಕೋಣೆಗಳು ಕಂಡಿವೆ, ಬಡಿತ ಸರಿಯಾಗಿದೆ, ನಾರ್ಮಲ್. ಆ ಸಾಲನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಹುಟ್ಟಿದ ಎರಡು ಮೂರು ದಿನಕ್ಕೆ ಕೂಸು ನೀಲಿಗಟ್ಟಿ ಐಸಿಯು ಸೇರಿತೆಂದರೆ ಮಾತ್ರ ಮನೆಯವರು ಅದೇ ಕಾಗದವನ್ನು ಹುಡುಕಿ ತೆಗೆಯುತ್ತಾರೆ: ಎಲ್ಲ ಸರಿ ಇದೆ ಅಂದಿದ್ದರಲ್ಲ?

ಈ ಪ್ರಶ್ನೆಗೆ ಸುತ್ತಲಿನವರು ಕೊಡುವ ಉತ್ತರ ಎರಡರಲ್ಲಿ ಒಂದು. ಒಂದೋ ಸ್ಕ್ಯಾನ್ ಮಾಡಿದವರ ನಿರ್ಲಕ್ಷ್ಯ, ಇಲ್ಲವೇ ಹಣೆಬರಹ. ಎರಡರಲ್ಲೂ ಅರ್ಧ ಸತ್ಯವೂ ಇರುವುದಿಲ್ಲ ಅನ್ನಬೇಕು. ಹೃದಯದ ದೋಷ ಹೊಟ್ಟೆಯಲ್ಲಿದ್ದಾಗಲೇ ಸಿಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಂತಿರುವುದು ಪ್ರೋಬ್ (ಹೊಟ್ಟೆಯ ಮೇಲೆ ಆಡಿಸುವ ಸ್ಕ್ಯಾನ್ ಉಪಕರಣ) ಹಿಡಿದ ಕೈ ಆ ದಿನ ಯಾವ ಯಾವ ನೋಟಗಳನ್ನು ಹುಡುಕಿತು ಎಂಬುದರ ಮೇಲೆ. ಆ ಕೈಗೆ ಯಾರು ಏನು ಕಲಿಸಿದ್ದರು, ತಪ್ಪಿದಾಗ ಯಾರಾದರೂ ಅದಕ್ಕೆ ತಿಳಿಸಿದರೇ ಎಂಬುದು ಅದಕ್ಕಿಂತ ದೊಡ್ಡ ಮಾತು.

ಮೊದಲು ಲೆಕ್ಕ. ಜೀವಂತ ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 8 ಮಕ್ಕಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ಹುಟ್ಟಿನಿಂದ ಬರುವ ಗಂಭೀರ ಅಂಗದೋಷಗಳಲ್ಲಿ ಇದರಷ್ಟು ಸಾಮಾನ್ಯವಾದದ್ದು ಇನ್ನೊಂದಿಲ್ಲ. ಈ ಎಂಟರಲ್ಲಿ ಹೆಚ್ಚಿನವು ಸಣ್ಣ ರಂಧ್ರಗಳು, ಹಲವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆದರೆ ಸುಮಾರು ಕಾಲು ಭಾಗ, ಅಂದರೆ ಸಾವಿರಕ್ಕೆ ಎರಡರಷ್ಟು, ಮೊದಲ ವರ್ಷದೊಳಗೇ ಆಪರೇಷನ್ ಅಥವಾ ಕ್ಯಾತಿಟರ್ (ರಕ್ತನಾಳದ ಮೂಲಕ ತೂರಿಸುವ ತೆಳು ಕೊಳವೆ) ಚಿಕಿತ್ಸೆ ಬೇಡುವಂಥವು. ಅವುಗಳಲ್ಲೂ ಕೆಲವಕ್ಕೆ ಮೊದಲ ದಿನವೇ ನಿರ್ಣಾಯಕ. ಗರ್ಭದಲ್ಲಿ ಹುಡುಕುವ ಸಾಹಸವೆಲ್ಲ ಮುಖ್ಯವಾಗಿ ಇವಕ್ಕಾಗಿ.

ಇಷ್ಟು ಕೆಟ್ಟ ಹೃದಯ ಇಟ್ಟುಕೊಂಡು ಮಗು ಒಂಬತ್ತು ತಿಂಗಳು ಹೇಗೆ ಆರಾಮವಾಗಿ ಬೆಳೆಯುತ್ತದೆ? ಹೊಟ್ಟೆಯೊಳಗೆ ಉಸಿರಾಟದ ಕೆಲಸ ಶ್ವಾಸಕೋಶದ್ದಲ್ಲ, ಮಾಸಿನದು. ಆಮ್ಲಜನಕ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಶ್ವಾಸಕೋಶಕ್ಕೆ ಹೆಚ್ಚು ರಕ್ತ ಬೇಕಿಲ್ಲವಾದ್ದರಿಂದ ಅದನ್ನು ಬಳಸಿ ಹೋಗಲು ಹೃದಯದಲ್ಲೊಂದು, ಅದರ ದೊಡ್ಡ ನಾಳಗಳ ನಡುವೆ ಒಂದು, ಹೀಗೆ ಎರಡು ಒಳದಾರಿಗಳಿವೆ. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ, ಫೋರಮೆನ್ ಓವೇಲ್. ಶ್ವಾಸಕೋಶದ ಅಪಧಮನಿಯಿಂದ ಮಹಾಪಧಮನಿಗೆ ಒಂದು ಕೊಂಡಿನಾಳ, ಡಕ್ಟಸ್ ಆರ್ಟೀರಿಯೋಸಸ್. ಇವು ತೆರೆದಿರುವ ತನಕ ಹೃದಯದ ಒಂದು ಭಾಗ ಕೆಲಸ ಮಾಡದಿದ್ದರೂ ಇನ್ನೊಂದು ಭಾಗ ಹೇಗೋ ಸಂಭಾಳಿಸುತ್ತದೆ. ಮಗು ಹುಟ್ಟಿ ಅತ್ತಿತೆಂದರೆ ಲೆಕ್ಕ ಬದಲಾಯಿತು. ಶ್ವಾಸಕೋಶ ಅರಳುತ್ತದೆ, ಮಾಸಿನ ನಂಟು ಕಡಿಯುತ್ತದೆ, ಕೊಂಡಿನಾಳ ಮೊದಲ ಎರಡು ಮೂರು ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಆರೋಗ್ಯವಂತ ಕೂಸಿಗೆ ಇದು ಸಹಜ. ಆ ನಾಳವನ್ನೇ ನಂಬಿಕೊಂಡಿದ್ದ ಕೂಸಿಗೆ ಇದೇ ಗಂಡಾಂತರ. ಹುಟ್ಟಿದಾಗ ಕೆಂಪಗೆ ಇದ್ದು, ಹಾಲು ಕುಡಿದು, ಮನೆಗೂ ಹೋದ ಮಗು ಮೂರನೇ ದಿನ ಏಕಾಏಕಿ ಕುಸಿಯುವುದು ಹೀಗೆ.

ಟಿಜಿಎ (ಟ್ರಾನ್ಸ್‌ಪೊಸಿಷನ್ ಆಫ್ ದ ಗ್ರೇಟ್ ಆರ್ಟರೀಸ್) ಎಂದು ವೈದ್ಯರು ಕರೆಯುವ ದೋಷವನ್ನು ಹತ್ತಿರದಿಂದ ನೋಡಿದರೆ ಸ್ಕ್ಯಾನ್ ಕಥೆಯೆಲ್ಲ ಅದರಲ್ಲೇ ಇದೆ. ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಇಲ್ಲಿ ಅದಲುಬದಲಾಗಿರುತ್ತವೆ. ಎಡ ಹೃತ್ಕುಕ್ಷಿಯಿಂದ, ಅಂದರೆ ಕೆಳಗಿನ ಎಡ ಕೋಣೆಯಿಂದ, ಹೊರಡಬೇಕಾದ ಮಹಾಪಧಮನಿ ಬಲದಿಂದ ಹೊರಡುತ್ತದೆ, ಬಲದಿಂದ ಹೊರಡಬೇಕಾದ ಶ್ವಾಸಕೋಶದ ಅಪಧಮನಿ ಎಡದಿಂದ. ಪರಿಣಾಮವಾಗಿ ಆಮ್ಲಜನಕ ತುಂಬಿಕೊಂಡ ರಕ್ತ ಮತ್ತೆ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ, ಆಮ್ಲಜನಕ ಇಲ್ಲದ ರಕ್ತ ಮೈಯಲ್ಲೇ ಸುತ್ತುತ್ತದೆ. ಇವೆರಡೂ ಬೆರೆಯಲು ಇರುವುದು ಆ ಕಿಂಡಿ ಮತ್ತು ಕೊಂಡಿನಾಳ ಮಾತ್ರ. ಕಿಂಡಿ ಇಕ್ಕಟ್ಟಾಗಿದ್ದರೆ ಮಗುವಿಗೆ ಇರುವುದು ಕೆಲವೇ ಗಂಟೆ.

ಆ ಗಂಟೆಗಳಲ್ಲಿ ಮಾಡಬೇಕಾದ್ದು ಏನೆಂದು ವೈದ್ಯಲೋಕಕ್ಕೆ ಅರ್ಧ ಶತಮಾನದಿಂದ ಗೊತ್ತಿದೆ. 1966ರಲ್ಲಿ ಅಮೆರಿಕದ ವೈದ್ಯ ವಿಲಿಯಂ ರಾಷ್ಕಿಂಡ್ ಮತ್ತು ಅವರ ಸಹೋದ್ಯೋಗಿ ರಕ್ತನಾಳದ ಮೂಲಕ ಪುಟ್ಟ ಬಲೂನನ್ನು ಹೃದಯದೊಳಗೆ ಒಯ್ದು, ಉಬ್ಬಿಸಿ, ಹಿಂದಕ್ಕೆ ಎಳೆದು ಕಿಂಡಿಯನ್ನು ಅಗಲ ಮಾಡುವ ವಿಧಾನವನ್ನು ಪ್ರಕಟಿಸಿದರು. 1970ರ ದಶಕದ ಮಧ್ಯದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಕೊಟ್ಟರೆ ಕೊಂಡಿನಾಳ ಮುಚ್ಚದೆ ಉಳಿಯುತ್ತದೆ ಎಂಬುದು ಗೊತ್ತಾಯಿತು. ಅದೇ ಕಾಲದಲ್ಲಿ, 1975ರಲ್ಲಿ, ಬ್ರೆಜಿಲ್‌ನ ಅಡಿಬ್ ಜಟೇನೆ ನಾಳಗಳನ್ನೇ ಕತ್ತರಿಸಿ ಸರಿಯಾದ ಜಾಗಕ್ಕೆ ಹೊಲಿಯುವ ಆಪರೇಷನ್‌ನಲ್ಲಿ ಯಶಸ್ಸು ಕಂಡರು. ಅಂದಮೇಲೆ ಇವತ್ತು ಟಿಜಿಎ ಮಗುವನ್ನು ಕಳೆದುಕೊಳ್ಳುವುದೆಂದರೆ ಚಿಕಿತ್ಸೆ ಇಲ್ಲದ್ದಕ್ಕಲ್ಲ, ಸಮಯಕ್ಕೆ ಗೊತ್ತಾಗದ್ದಕ್ಕೆ.

ಮೊದಲೇ ಗೊತ್ತಾದರೆ ಎಷ್ಟು ವ್ಯತ್ಯಾಸ? ಪ್ಯಾರಿಸ್‌ನ ತಂಡವೊಂದು 1999ರಲ್ಲಿ ಪ್ರಕಟಿಸಿದ ಅಂಕಿಅಂಶ ಈಗಲೂ ಉಲ್ಲೇಖವಾಗುತ್ತದೆ. ಹುಟ್ಟಿದ ಮೇಲೆ ಟಿಜಿಎ ಪತ್ತೆಯಾದ 250 ಮಕ್ಕಳಲ್ಲಿ 15 ಮಕ್ಕಳು ಆಪರೇಷನ್‌ಗೆ ಮೊದಲೇ ತೀರಿಕೊಂಡವು, ಆಪರೇಷನ್ ಆದ ಮೇಲೆ ಇನ್ನೂ 20. ಗರ್ಭದಲ್ಲೇ ಪತ್ತೆಯಾಗಿದ್ದ 68 ಮಕ್ಕಳಲ್ಲಿ ಆಪರೇಷನ್‌ಗೆ ಮೊದಲೂ ಅನಂತರವೂ ಒಂದು ಸಾವೂ ಇಲ್ಲ. ಸಂಖ್ಯೆ ಚಿಕ್ಕದು, ಒಂದೇ ಕೇಂದ್ರದ್ದು, ಎಲ್ಲ ಕಡೆಯೂ ಹೀಗೇ ಆಗುತ್ತದೆ ಎನ್ನಲಾಗದು. ಆದರೂ ಅರ್ಥ ಸ್ಪಷ್ಟ: ಬಲೂನು, ಡ್ರಿಪ್, ತಜ್ಞರು ಇರುವ ಕಟ್ಟಡದಲ್ಲೇ ಮಗು ಹುಟ್ಟಿತು. ಆಂಬುಲೆನ್ಸ್‌ನಲ್ಲಿ ಅಲೆಯುತ್ತ ಆಮ್ಲಜನಕ ಕಳೆದುಕೊಳ್ಳುವ ಪ್ರಮೇಯವೇ ಬರಲಿಲ್ಲ.

ಈಗ ವರದಿಯ ಆ ಸಾಲಿಗೆ ಬರೋಣ. ಟಿಜಿಎ ಇರುವ ಹೃದಯದಲ್ಲಿ ನಾಲ್ಕು ಕೋಣೆಗಳೂ ಸಾಮಾನ್ಯವಾಗಿ ಸರಿಯಾಗೇ ಇರುತ್ತವೆ. ಗೋಡೆಗಳು ಸರಿ, ಕವಾಟಗಳು ಸರಿ, ಬಡಿತ ಸರಿ. ಅಂದರೆ ‘ನಾಲ್ಕು ಕೋಣೆಗಳು ನಾರ್ಮಲ್’ ಎಂದು ಬರೆದವರು ಸುಳ್ಳು ಬರೆದಿಲ್ಲ. ದೋಷ ಇರುವುದು ಕೋಣೆಗಳಲ್ಲಲ್ಲ, ಅವುಗಳಿಂದ ಹೊರಡುವ ನಾಳಗಳಲ್ಲಿ. ಅಲ್ಲಿಯವರೆಗೆ ಪ್ರೋಬ್ ಹೋಗಲಿಲ್ಲ, ಅಷ್ಟೆ.

ಇಪ್ಪತ್ತನೇ ವಾರದಲ್ಲಿ ಆ ಹೃದಯದ ಉದ್ದ ಸುಮಾರು ಎರಡು ಸೆಂಟಿಮೀಟರ್. ನಿಮಿಷಕ್ಕೆ 140ರ ಆಸುಪಾಸು ಬಡಿಯುತ್ತಿರುತ್ತದೆ, ಮಗು ಹೊರಳುತ್ತಿರುತ್ತದೆ. ಪರೀಕ್ಷೆ ಹೊಟ್ಟೆಯಿಂದ ಶುರು: ಜಠರ ಎಡಕ್ಕಿದೆಯೇ? ಅಲ್ಲಿಂದ ಪ್ರೋಬನ್ನು ತುಸು ಮೇಲಕ್ಕೆ ವಾಲಿಸಿದರೆ ನಾಲ್ಕು ಕೋಣೆಗಳ ನೋಟ. ಹೃದಯ ಎದೆಯ ಸುಮಾರು ಮೂರನೇ ಒಂದು ಭಾಗದಷ್ಟಿರಬೇಕು, ತುದಿ ಎಡಕ್ಕೆ ಸುಮಾರು 45 ಡಿಗ್ರಿ ವಾಲಿರಬೇಕು, ಎರಡು ಹೃತ್ಕುಕ್ಷಿಗಳು ಹೆಚ್ಚುಕಡಿಮೆ ಒಂದೇ ಅಳತೆಯವಾಗಿರಬೇಕು. ಬಲಗಡೆಯ ಕವಾಟ ಎಡಗಡೆಯದಕ್ಕಿಂತ ಕೂದಲೆಳೆಯಷ್ಟು ತುದಿಯ ಕಡೆಗಿರಬೇಕು. ಎರಡೂ ಒಂದೇ ಗೆರೆಯಲ್ಲಿದ್ದರೆ ಹೃದಯದ ನಡುವಿನ ಗೋಡೆಯಲ್ಲೇ ದೊಡ್ಡ ದೋಷ ಇರಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ದೋಷ ಇದು.

ಹೃದಯದ ಒಂದು ಬದಿಯೇ ಬೆಳೆಯದೆ ಉಳಿಯುವಂಥ ದೊಡ್ಡ ದೋಷಗಳು ಇಷ್ಟರಲ್ಲೇ ಸಿಕ್ಕಿಬೀಳುತ್ತವೆ. 1980ರ ದಶಕದಲ್ಲಿ ಲಂಡನ್ನಿನ ಹೃದ್ರೋಗ ತಜ್ಞೆ ಲಿಂಡ್ಸೆ ಆಲನ್ ಅವರಂಥವರು ಈ ಒಂದು ನೋಟವನ್ನು ಸಾಮಾನ್ಯ ಹೆರಿಗೆ ಸ್ಕ್ಯಾನ್‌ಗೆ ಸೇರಿಸಬೇಕೆಂದು ಪಟ್ಟು ಹಿಡಿದದ್ದು ದೊಡ್ಡ ಹೆಜ್ಜೆ. ತೊಂದರೆ ಏನೆಂದರೆ ಅನೇಕ ಕಡೆ ಸ್ಕ್ಯಾನ್ ಅಲ್ಲೇ ನಿಂತುಬಿಟ್ಟಿತು.

ಪ್ರೋಬನ್ನು ಇನ್ನೂ ಸ್ವಲ್ಪ ಮೇಲಕ್ಕೆ ವಾಲಿಸಿ. ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ ಹೊರಡುವುದು ಕಾಣಬೇಕು. ಇನ್ನೂ ಮೇಲೆ, ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶದ ಅಪಧಮನಿ ಹೊರಟು ಅದನ್ನು ಅಡ್ಡ ಹಾಯಬೇಕು. ಈ ಅಡ್ಡಹಾಯುವಿಕೆಯೇ ಕೀಲಿ. ಟಿಜಿಎಯಲ್ಲಿ ಎರಡು ನಾಳಗಳು ಒಂದನ್ನೊಂದು ದಾಟುವುದಿಲ್ಲ, ಪಕ್ಕಪಕ್ಕದಲ್ಲಿ ಸಮಾನಾಂತರವಾಗಿ ಮೇಲಕ್ಕೆ ಹೋಗುತ್ತವೆ. ಕೊನೆಯ ನೋಟದಲ್ಲಿ, ಕತ್ತಿನ ಬುಡದ ಹತ್ತಿರ, ಎರಡು ನಾಳಗಳ ಕಮಾನುಗಳು ಶ್ವಾಸನಾಳದ ಎಡಕ್ಕೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಕೂಡಿಕೊಳ್ಳುತ್ತವೆ. ವಿ ಕಾಣದಿದ್ದರೆ, ಅಥವಾ ಅದರ ಒಂದು ಕಾಲು ತೀರಾ ಸಣ್ಣದಾಗಿದ್ದರೆ, ಫೀಟಲ್ ಎಕೊಗೆ, ಅಂದರೆ ಗರ್ಭದಲ್ಲಿರುವ ಮಗುವಿನ ಹೃದಯವನ್ನು ತಜ್ಞರು ವಿವರವಾಗಿ ನೋಡುವ ಸ್ಕ್ಯಾನ್‌ಗೆ, ಕಳಿಸಬೇಕು. ಮಗು ಅನುಕೂಲವಾಗಿ ಮಲಗಿದ್ದು ಕೈ ಪಳಗಿದ್ದರೆ ನಾಲ್ಕು ಕೋಣೆಗಳಿಂದ ಇಲ್ಲಿಯವರೆಗಿನ ದಾರಿ ಕೆಲವು ನಿಮಿಷದ್ದು. ಹೆರಿಗೆ ಸ್ಕ್ಯಾನ್ ತಜ್ಞರ ಅಂತಾರಾಷ್ಟ್ರೀಯ ಸಂಸ್ಥೆ ಐಎಸ್‌ಯುಒಜಿ ತನ್ನ 2013ರ ಮಾರ್ಗಸೂಚಿಯಲ್ಲಿ ಈ ಹೊರನಾಳಗಳ ನೋಟವನ್ನು ಎಲ್ಲ ಗರ್ಭಿಣಿಯರ ಸಾಮಾನ್ಯ ಸ್ಕ್ಯಾನ್‌ನ ಭಾಗವಾಗಿಸಿತು. ಅದು ಹೆಚ್ಚುವರಿ ಸೇವೆ ಅಲ್ಲ, ಕನಿಷ್ಠ ಅಗತ್ಯ.

ಕಾಗದದಲ್ಲಿ ಇದ್ದದ್ದು ಕೋಣೆಯಲ್ಲಿ ನಡೆಯುತ್ತದೆಯೇ ಎಂಬುದು ಬೇರೆ. ಅಮೆರಿಕದಲ್ಲಿ 2006ರಿಂದ 2012ರವರೆಗೆ ಹೃದಯದ ಆಪರೇಷನ್ ಆದ ಶಿಶುಗಳ ರಾಷ್ಟ್ರೀಯ ದಾಖಲೆ ತೆಗೆದು ನೋಡಿದಾಗ, ಗರ್ಭದಲ್ಲೇ ದೋಷ ಪತ್ತೆಯಾಗಿದ್ದವು ಒಟ್ಟಾರೆ ಮೂರರಲ್ಲಿ ಒಂದು. ಆರಂಭದಲ್ಲಿ 26 ಶೇಕಡಾ ಇದ್ದದ್ದು ಕೊನೆಗೆ 42ಕ್ಕೆ ಏರಿತ್ತು. ಯಂತ್ರಗಳ ಕೊರತೆ ಇಲ್ಲದ ದೇಶದ ಮಾತು ಇದು. ರಾಜ್ಯದಿಂದ ರಾಜ್ಯಕ್ಕೆ ಅಜಗಜಾಂತರ ಇತ್ತು, ನಾಲ್ಕು ಕೋಣೆಗಳಲ್ಲಿ ಕಾಣುವ ದೋಷಗಳಿಗಿಂತ ಹೊರನಾಳಗಳಲ್ಲಿ ಮಾತ್ರ ಕಾಣುವ ದೋಷಗಳು ಹೆಚ್ಚು ತಪ್ಪಿದ್ದವು.

ನೆದರ್ಲೆಂಡ್ಸ್ ಇದಕ್ಕೆ ಒಳ್ಳೆಯ ಹೋಲಿಕೆ. ಅಲ್ಲಿ 2007ರಲ್ಲಿ ಇಪ್ಪತ್ತನೇ ವಾರದ ಸ್ಕ್ಯಾನ್ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಮಾಡುವವರಿಗೆ ತರಬೇತಿ, ಗುಣಮಟ್ಟದ ತಪಾಸಣೆ ಜೊತೆಗೇ ಬಂತು. ತೀವ್ರ ಹೃದಯ ದೋಷಗಳ ಪತ್ತೆ ಪ್ರಮಾಣ ಒಂದು ದೊಡ್ಡ ಪ್ರದೇಶದಲ್ಲಿ ಶೇ 36ರಿಂದ ಶೇ 60ರ ಹತ್ತಿರಕ್ಕೆ ಹೋಯಿತು. ಸಮಾಧಾನದ ಸಂಗತಿಯೇ. ಉಳಿದ ನಲವತ್ತು ಎಲ್ಲಿ ತಪ್ಪಿದವು ಎಂದು ಅಲ್ಲಿನವರೇ ಕೆದಕಿ ನೋಡಿದ್ದು ನನಗೆ ಹೆಚ್ಚು ಮುಖ್ಯ ಎನಿಸುತ್ತದೆ. ತಪ್ಪಿಹೋದ ಮಕ್ಕಳ ಹಳೆಯ ಸ್ಕ್ಯಾನ್ ಚಿತ್ರಗಳನ್ನು ತಜ್ಞರು ಮತ್ತೆ ತೆಗೆದು ನೋಡಿದರು. ಸುಮಾರು ಅರ್ಧದಷ್ಟರಲ್ಲಿ ಚಿತ್ರವೇ ಸರಿಯಾಗಿ ತೆಗೆದಿರಲಿಲ್ಲ. ಸುಮಾರು ಮೂರನೇ ಒಂದು ಭಾಗದಲ್ಲಿ ಚಿತ್ರ ಚೆನ್ನಾಗಿತ್ತು, ದೋಷ ಅದರಲ್ಲಿ ಕಾಣುತ್ತಲೂ ಇತ್ತು, ನೋಡಿದವರಿಗೆ ಹೊಳೆದಿರಲಿಲ್ಲ. ಚಿತ್ರ ಸರಿಯಾಗಿದ್ದೂ ದೋಷ ಕಾಣದೇ ಹೋದದ್ದು, ಅಂದರೆ ಯಾರನ್ನೂ ದೂರಲಾಗದಂಥದ್ದು, ಐದರಲ್ಲಿ ಒಂದರಷ್ಟು ಮಾತ್ರ.

ಇಲ್ಲೊಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ‘ನಮ್ಮ ಮನೆತನದಲ್ಲಿ ಯಾರಿಗೂ ಹೃದಯದ ತೊಂದರೆ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ನಮಗ್ಯಾಕೆ?’ ತಾಯಿಗೆ ಗರ್ಭಧಾರಣೆಗೆ ಮೊದಲಿನಿಂದಲೇ ಮಧುಮೇಹ, ಐವಿಎಫ್, ಮೊದಲ ಮಗುವಿಗೆ ಹೃದಯ ದೋಷ, ಮೂರನೇ ತಿಂಗಳ ಸ್ಕ್ಯಾನ್‌ನಲ್ಲಿ ಕತ್ತಿನ ಹಿಂದಿನ ನೀರಿನ ಪದರ 3.5 ಮಿಲಿಮೀಟರ್ ದಾಟಿರುವುದು: ಇಂಥವರನ್ನು ನೇರವಾಗಿ ಫೀಟಲ್ ಎಕೊಗೆ ಕಳಿಸುತ್ತಾರೆ, ಕಳಿಸಲೇಬೇಕು. ಆದರೆ ಹೃದಯ ದೋಷ ಇರುವ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಇಂಥ ಯಾವ ಅಪಾಯದ ಗುರುತೂ ಇಲ್ಲದ ತಾಯಂದಿರಿಗೆ. ತಜ್ಞರ ಹತ್ತಿರ ಹೋಗುವ ಕೆಲವರಿಗಾಗಿ ಒಳ್ಳೆಯ ವ್ಯವಸ್ಥೆ ಮಾಡಿ, ಉಳಿದವರನ್ನು ‘ನಾಲ್ಕು ಕೋಣೆ’ಗೆ ಬಿಟ್ಟರೆ ದೋಷಗಳು ಎಲ್ಲಿ ಹೆಚ್ಚಿವೆಯೋ ಅಲ್ಲೇ ಹುಡುಕುವುದನ್ನು ಬಿಟ್ಟಂತೆ.

ಹಾಗಾದರೆ ಕೃತಕ ಬುದ್ಧಿಮತ್ತೆ? 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳ ಮೇಲೆ ಕಲಿಸಿದ ತಂತ್ರಾಂಶ, ತೊಂದರೆ ಇರುವ ಹೃದಯಗಳಲ್ಲಿ ಶೇ 95ರಷ್ಟನ್ನು ಗುರುತಿಸಿತು, ಆರೋಗ್ಯವಂತ ಹೃದಯಗಳಲ್ಲಿ ಶೇ 96ರಷ್ಟನ್ನು ಸರಿ ಎಂದಿತು. ಅಂಥ ಉಪಕರಣಗಳು ಈಗ ಮಾರುಕಟ್ಟೆಗೂ ಬರುತ್ತಿವೆ. ಡಚ್ಚರ ಲೆಕ್ಕ ಇಟ್ಟುಕೊಂಡು ನೋಡಿದರೆ, ಚಿತ್ರ ಇದ್ದೂ ಹೊಳೆಯದೇ ಹೋದ ಮೂರನೇ ಒಂದು ಭಾಗಕ್ಕೆ ಇದು ನಿಜಕ್ಕೂ ನೆರವಾಗಬಹುದು. ‘ನೀನಿನ್ನೂ ಈ ನೋಟ ತೆಗೆದಿಲ್ಲ’ ಎಂದು ನೆನಪಿಸುವ ತಂತ್ರಾಂಶವಾದರೆ ಇನ್ನೂ ಒಳ್ಳೆಯದು. ಆದರೆ ತೆಗೆಯದ ಚಿತ್ರವನ್ನು ಯಾವ ಬುದ್ಧಿಮತ್ತೆಯೂ ಓದಲಾರದು. ದಿನಕ್ಕೆ ಇಷ್ಟು ಸ್ಕ್ಯಾನ್ ಮುಗಿಸಲೇಬೇಕೆಂಬ ಒತ್ತಡದಲ್ಲಿ ಒಬ್ಬೊಬ್ಬರಿಗೆ ಹತ್ತು ನಿಮಿಷ ಸಿಗುವ ಕೋಣೆಗೆ ಹೊಸ ತಂತ್ರಾಂಶ ತಂದಿಟ್ಟರೆ ಬದಲಾಗುವುದು ವರದಿಯ ಅಚ್ಚುಕಟ್ಟು ಮಾತ್ರ.

ಇದಕ್ಕಿಂತ ಅಗ್ಗದ, ಯಾರ ಗಮನಕ್ಕೂ ಬಾರದ ಉಪಾಯವೊಂದಿದೆ. ಇಪ್ಪತ್ತನೇ ವಾರದಲ್ಲಿ ಸ್ಕ್ಯಾನ್ ಮಾಡಿ ‘ನಾರ್ಮಲ್’ ಬರೆದವರಿಗೆ, ಐದು ತಿಂಗಳ ನಂತರ ಆ ಮಗು ಬೇರೊಂದು ಆಸ್ಪತ್ರೆಯಲ್ಲಿ ಟಿಜಿಎ ಇದೆಯೆಂದು ದಾಖಲಾದದ್ದು ಗೊತ್ತೇ ಆಗುವುದಿಲ್ಲ. ಅಲ್ಲಿನ ಮಕ್ಕಳ ಹೃದ್ರೋಗ ತಜ್ಞರು ಇವರಿಗೆ ಪತ್ರ ಬರೆಯುವುದಿಲ್ಲ, ಬರೆಯಬೇಕೆಂಬ ನಿಯಮ ಬಹಳ ಕಡೆ ಇಲ್ಲ. ಬರೆದರೂ ಅದು ದೂರಿನ ದನಿಯಲ್ಲಿ ಹೋಗುತ್ತದೆ. ಹಾಗಾಗಿ ವರ್ಷಗಟ್ಟಲೆ ಸ್ಕ್ಯಾನ್ ಮಾಡಿದವರು ತಮ್ಮ ಕೈಯಲ್ಲಿ ಎಷ್ಟು ತಪ್ಪಿವೆ ಎಂದು ತಿಳಿಯದೆಯೇ ನಿವೃತ್ತರಾಗಬಹುದು. ತಪ್ಪಿದ ಪ್ರತಿ ಪ್ರಕರಣದ ಹಳೆಯ ಚಿತ್ರಗಳನ್ನು, ಶಿಕ್ಷೆಯ ಮಾತೆತ್ತದೆ, ಸ್ಕ್ಯಾನ್ ಮಾಡಿದವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಮತ್ತೆ ನೋಡುವ ಪದ್ಧತಿ ಬಂದರೆ ಕಲಿಕೆ ಅಲ್ಲಿಂದ ಶುರುವಾಗುತ್ತದೆ. ಅದಕ್ಕೆ ಕಾಯಂ ದಾಖಲೆ ಬೇಕು, ಚಿತ್ರದ ಜೊತೆ ಚಲಿಸುವ ಕ್ಲಿಪ್ಪೂ ಉಳಿದಿರಬೇಕು. ಎರಡು ಸ್ಥಿರಚಿತ್ರ ಅಂಟಿಸಿ ಕಳಿಸುವ ಕಡೆ ಇದು ಸಾಧ್ಯವಿಲ್ಲ.

ಸ್ಕ್ಯಾನ್‌ನಿಂದ ಎಲ್ಲವೂ ಸಿಗುತ್ತದೆ ಎಂಬ ಭ್ರಮೆಯೂ ಬೇಡ. ಮೇಲಿನ ಕೋಣೆಗಳ ನಡುವಿನ ರಂಧ್ರ, ಮುಚ್ಚದ ಕೊಂಡಿನಾಳ ಇವೆರಡನ್ನು ಗರ್ಭದಲ್ಲಿ ದೋಷ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲ ಮಕ್ಕಳಿಗೂ ಅವು ತೆರೆದೇ ಇರುತ್ತವೆ. ಕೆಳಗಿನ ಗೋಡೆಯ ಸಣ್ಣ ರಂಧ್ರ ಕಾಣದೇ ಹೋಗುವುದು ಸಹಜ. ಕೆಲವು ದೋಷಗಳು ಇಪ್ಪತ್ತನೇ ವಾರದಲ್ಲಿ ಇರುವುದೇ ಇಲ್ಲ: ಕವಾಟ ಸ್ವಲ್ಪ ಬಿಗಿಯಾಗಿದ್ದದ್ದು ತಿಂಗಳುಗಳು ಕಳೆದಂತೆ ಎಡ ಹೃದಯವನ್ನೇ ಬೆಳೆಯಗೊಡದಂತೆ ಮಾಡಬಹುದು. ತಾಯಿಯ ಮೈಕಟ್ಟು, ಮಗು ಬೆನ್ನು ತಿರುಗಿಸಿ ಮಲಗಿರುವುದು, ಗರ್ಭಜಲ ಕಡಿಮೆ ಇರುವುದು ಇವೆಲ್ಲ ಚಿತ್ರವನ್ನು ಮಸುಕು ಮಾಡುತ್ತವೆ. ‘ಸರಿಯಾಗಿ ಕಾಣಲಿಲ್ಲ, ವಾರ ಬಿಟ್ಟು ಬನ್ನಿ’ ಎಂದವರನ್ನು ಅನುಮಾನಿಸಬೇಡಿ, ಅವರು ಕೆಲಸ ಸರಿಯಾಗಿ ಮಾಡುತ್ತಿದ್ದಾರೆ. ವರದಿಯಲ್ಲಿ ಹೊರನಾಳಗಳ ಪ್ರಸ್ತಾಪವೇ ಇಲ್ಲದಿದ್ದರೆ ಮಾತ್ರ ಕೇಳಿ: ಎರಡು ನಾಳಗಳು ಅಡ್ಡ ಹಾಯುವುದು ಕಂಡಿತಾ?

ಇದರ ತಿರುವುಮುರುವೂ ಇದೆ. ಹೃದಯದಲ್ಲಿ ಬಿಳಿ ಚುಕ್ಕೆ ಇದೆ ಎಂಬ ವರದಿ ಹಿಡಿದು ಕಣ್ಣೀರು ಹಾಕುವ ದಂಪತಿಗಳಿಗೆ ಲೆಕ್ಕವಿಲ್ಲ. ಅದು ಹೃದಯದೊಳಗಿನ ಪುಟ್ಟ ಸ್ನಾಯುವಿನ ಮೇಲೆ ಕೂತ ಕ್ಯಾಲ್ಸಿಯಂ ಕಣ, ಹೃದಯ ದೋಷವೇ ಅಲ್ಲ. ವರ್ಣತಂತು ದೋಷದ ಸಾಧ್ಯತೆ ಲೆಕ್ಕ ಹಾಕುವಾಗ ಅದನ್ನೂ ಗಮನಿಸುವ ರೂಢಿ ಇದೆ, ಅದೊಂದೇ ಇದ್ದು ಉಳಿದ ಪರೀಕ್ಷೆಗಳು ಸರಿಯಿದ್ದರೆ ಬೆಲೆ ಕೊಡಬೇಕಿಲ್ಲ. ಹೇಳುವವರು ಇಷ್ಟನ್ನು ಅದೇ ಕೋಣೆಯಲ್ಲಿ ಹೇಳಿ ಕಳಿಸಬಹುದು.

ನಿಜವಾದ ದೋಷ ಸಿಕ್ಕಾಗ ಮುಂದಿನ ದಾರಿ ಕವಲಾಗುತ್ತದೆ. ಫೀಟಲ್ ಎಕೊದಲ್ಲಿ ಖಚಿತ ಮಾಡಬೇಕು. ಹಲವು ಹೃದಯ ದೋಷಗಳ ಜೊತೆ ವರ್ಣತಂತು ಅಥವಾ ವಂಶವಾಹಿ ದೋಷ ಇರಬಹುದಾದ್ದರಿಂದ ಗರ್ಭಜಲದ ಪರೀಕ್ಷೆಯ ಮಾತು ಬರುತ್ತದೆ, ಅದರ ಫಲಿತಾಂಶಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಗರ್ಭ ಮುಂದುವರಿಸುವುದೋ ಬೇಡವೋ ಎಂಬ ನಿರ್ಧಾರ ದಂಪತಿಗಳದ್ದು, ಅದಕ್ಕೆ ಕಾನೂನು ಇಟ್ಟ ಗಡುವು ಒಂದೊಂದು ದೇಶದಲ್ಲಿ ಒಂದೊಂದು. ರೆಫರಲ್ ಚೀಟಿ ಹಿಡಿದು ವಾರಗಟ್ಟಲೆ ಕಾದವರಿಗೆ ಆ ಆಯ್ಕೆ ಹೆಸರಿಗಷ್ಟೇ ಉಳಿಯುತ್ತದೆ. ಟಿಜಿಎ ಮತ್ತು ಎಡ ಹೃದಯವೇ ಬೆಳೆಯದ ಸ್ಥಿತಿ ಎರಡನ್ನೂ ‘ಗಂಭೀರ ದೋಷ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದೂ ಅನ್ಯಾಯ. ಮೊದಲನೆಯದಕ್ಕೆ ಒಂದು ಆಪರೇಷನ್, ಆಮೇಲೆ ಬಹುತೇಕ ಎಲ್ಲರಂಥ ಬದುಕು. ಎರಡನೆಯದಕ್ಕೆ ಕೆಲವು ವರ್ಷಗಳಲ್ಲಿ ಹರಡಿದ ಮೂರು ಆಪರೇಷನ್‌ಗಳು, ಅನಂತರವೂ ಅರ್ಧ ಹೃದಯದ ಬದುಕು.

ಮೊದಲೇ ಪತ್ತೆಯಾದ ಮಕ್ಕಳಲ್ಲೇ ಸಾವು ಹೆಚ್ಚು ಎಂದು ತೋರಿಸುವ ಅಂಕಿಗಳೂ ಅಲ್ಲಲ್ಲಿ ಸಿಗುತ್ತವೆ, ಅವನ್ನು ಹಿಡಿದು ‘ಸ್ಕ್ಯಾನ್‌ನಿಂದ ಪ್ರಯೋಜನ ಇಲ್ಲ’ ಎನ್ನುವವರಿದ್ದಾರೆ. ಗರ್ಭದಲ್ಲಿ ಸುಲಭವಾಗಿ ಕಾಣುವುದು ಅತಿ ತೀವ್ರ ದೋಷಗಳೇ ಎಂಬುದನ್ನು ಅವರು ಮರೆಯುತ್ತಾರೆ. ಇನ್ನೊಂದೆಡೆ, ಪತ್ತೆಯಾಗದ ಮಗು ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರೆ ಅದು ಆ ಆಸ್ಪತ್ರೆಯ ಲೆಕ್ಕಕ್ಕೇ ಬರುವುದಿಲ್ಲ.

ಸ್ಕ್ಯಾನ್ ತಪ್ಪಿಸಿದ್ದನ್ನು ಹಿಡಿಯಲು ಎರಡನೇ ಬಲೆಯೊಂದಿದೆ: ಹುಟ್ಟಿದ ಮೊದಲ ಒಂದೆರಡು ದಿನಗಳಲ್ಲಿ ಬಲಗೈ ಮತ್ತು ಒಂದು ಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುವುದು. ನೋವಿಲ್ಲ, ಚುಚ್ಚುವಂತಿಲ್ಲ, ಕೆಲವು ನಿಮಿಷದ ಕೆಲಸ. ಅಮೆರಿಕ ಇದನ್ನು 2011ರಲ್ಲಿ ನವಜಾತ ಶಿಶುಗಳ ಶಿಫಾರಸು ಪಟ್ಟಿಗೆ ಸೇರಿಸಿತು. ಕಡ್ಡಾಯ ಮಾಡಿದ ರಾಜ್ಯಗಳಲ್ಲಿ ಗಂಡಾಂತರಕಾರಿ ಹೃದಯ ದೋಷದಿಂದಾಗುವ ಎಳೆಯ ಶಿಶುಗಳ ಸಾವು ಮೂರನೇ ಒಂದರಷ್ಟು ಇಳಿಯಿತೆಂದು 2017ರ ಅಧ್ಯಯನ ತೋರಿಸಿತು. ಇಂಥ ಪರೀಕ್ಷೆ ಈ ದೋಷಗಳಲ್ಲಿ ನಾಲ್ಕರಲ್ಲಿ ಮೂರನ್ನು ಹಿಡಿಯುತ್ತದೆ.

ಎರಡೂ ಬಲೆಗಳಿಂದ ನುಣುಚಿಕೊಳ್ಳುವ ದೋಷವೊಂದಿದೆ, ಮಹಾಪಧಮನಿ ಕಮಾನಿನ ತುದಿಯಲ್ಲಿ ಕಿರಿದಾಗುವ ಕೋಆರ್ಕ್ಟೇಶನ್. ಗರ್ಭದಲ್ಲಿ ಕೊಂಡಿನಾಳ ಅದನ್ನು ಮರೆಮಾಚುತ್ತದೆ. ಅನುಮಾನ ಬಂದರೂ ಅನೇಕ ಸಲ ಅದು ಸುಳ್ಳಾಗುತ್ತದೆ. ಹುಟ್ಟಿದ ಮೇಲೆ ರಕ್ತದಲ್ಲಿ ಆಮ್ಲಜನಕ ಸರಿಯಾಗೇ ಇರಬಹುದಾದ್ದರಿಂದ ಆಕ್ಸಿಮೀಟರ್‌ಗೂ ಸಿಗದೆ ಹೋಗುತ್ತದೆ. ನಾಳ ಮುಚ್ಚಿದ ಮೇಲೆ ಕಾಲಿಗೆ ರಕ್ತ ಹೋಗುವುದು ಕಡಿಮೆಯಾಗುತ್ತದೆ, ಆಗ ತೊಡೆಸಂದಿಯಲ್ಲಿ ನಾಡಿ ಸಿಗುವುದಿಲ್ಲ ಅಥವಾ ತೀರಾ ಮಂದವಾಗಿರುತ್ತದೆ. ಮನೆಗೆ ಕಳಿಸುವ ಮುನ್ನ ಮತ್ತು ಕೆಲವು ದಿನ ಬಿಟ್ಟು ಮಗುವನ್ನು ತೋರಿಸಲು ಬಂದಾಗ ಎರಡು ಬೆರಳಿಟ್ಟು ಆ ನಾಡಿಯನ್ನು ಹುಡುಕುವುದಕ್ಕೆ ಯಂತ್ರವೇನೂ ಬೇಡ.